ಹೊಳೆ ದಾಟಿ ಹೊಳೆ

ಮಂಗಳೂರಿನಿಂದ ಉತ್ತರಕ್ಕೆ ಹೊರಟ ಬಸ್ಸಿನಲ್ಲಿ ಎಡಗಡೆ ಕಿಟಕಿಯ ಸೀಟು ಹಿಡಿದು, ಕೂತ ತಕ್ಷಣ ಪರದೆ ಎಳೆದುಕೊಂಡು ನಿದ್ದೆಗೆ ಜಾರುವವರನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ಅವರು ರಾತ್ರಿಪಾಳಿ ಮುಗಿಸಿ ಬಂದವರಿರಬಹುದು, ದಿನಾ ಇದೇ ದಾರಿಯಲ್ಲಿ ಓಡಾಡುವವರಿರಬಹುದು. ಮಧ್ಯಾಹ್ನ ಕಳೆದ ಮೇಲೆ ಆ ಕಡೆಯಿಂದ ಬಿಸಿಲು ಹೊಡೆಯುವುದೂ ನಿಜ. ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಅದು ಪಡುವಣದ ಕಿಟಕಿ. ಆ ಪರದೆಯಾಚೆ ಎಲ್ಲೋ ಅರಬ್ಬಿ ಸಮುದ್ರವಿದೆ. ಪರದೆಯ ಮೇಲಿನ ಹೂವಿನ ಚಿತ್ತಾರ ನೋಡುತ್ತಾ ಉಡುಪಿಯವರೆಗೆ ಕೂರುವುದು ನನ್ನಿಂದಾಗದು. ಎದ್ದು ಹೋಗಿ ಬಾಗಿಲ ಬಳಿಯ ಕಂಬ ಹಿಡಿದು ನಿಲ್ಲುತ್ತೇನೆ.

ಈ ಹಸಿವಿಗೆ ಕಾರಣ ನನ್ನ ಊರು. ನಾನು ಹಿರಿಯೂರು ಸೀಮೆಯವಳು, ಅಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುವವಳು. ನಮ್ಮದು ವೇದಾವತಿ. ಹೊಳೆ ಎಂದು ಹೆಸರಿದ್ದರೂ ಬಾಲ್ಯದಲ್ಲಿ ಅದರಲ್ಲಿ ನಾನು ಕಂಡದ್ದು ಮರಳು, ಮರಳಿನಲ್ಲಿ ತೋಡಿದ ಒರತೆ, ಒರತೆಯ ಸುತ್ತ ಪಾಳಿಗೆ ಕಾಯುವ ಕೊಡಗಳು. ನಾವು ಮಾರಿಕಣಿವೆ ಎಂದು ಕರೆಯುವ ವಾಣಿವಿಲಾಸ ಸಾಗರವನ್ನು ಕಟ್ಟಿ ಮುಗಿಸಿದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ಮಳೆಗಾಲವೇ ಬರಬೇಕಾಯಿತು. ನಡುವೆ ಹುಟ್ಟಿ, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಒಂದು ಸಲವೂ ಆ ಕೋಡಿ ನೀರು ನೋಡದೆ ಕಣ್ಣು ಮುಚ್ಚಿದವರು ನಮ್ಮ ಕಡೆ ಎಷ್ಟೋ ಜನ. ಅಂಥ ಊರಿನವಳಿಗೆ ನೀರು ಕಾಣುವ ಕಿಟಕಿಯ ಬೆಲೆ ಗೊತ್ತಿರುತ್ತದೆ.

ಹಾಗಾಗಿ ರಜೆ ಬಂತೆಂದರೆ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ಸ್ಟೀಲಿನ ನೀರಿನ ಬಾಟಲಿ ಹಾಕಿಕೊಂಡು ಮಂಗಳೂರಿಗೆ ಇಳಿಯುತ್ತೇನೆ. ಅಲ್ಲಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರು. ಕಾರಿದ್ದವರು ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಾರೆ. ನಾನು ತುಂಡು ತುಂಡಾಗಿ, ಬಸ್ಸಿನಿಂದ ಬಸ್ಸಿಗೆ, ನಡುವೆ ಟೆಂಪೋ, ದೋಣಿ, ಕಾಲ್ನಡಿಗೆ ಎಂದು ಹೋಗುತ್ತೇನೆ. ಜೊತೆಗೆ ಯಾರೂ ಇರುವುದಿಲ್ಲ.

ಈ ದಾರಿಯ ಬಗ್ಗೆ ಮೊದಲು ಹೇಳಬೇಕಾದ ಮಾತೆಂದರೆ, ಇದು ಕಡಲ ದಾರಿ ಎಂದು ನಂಬಿ ಬಂದವರಿಗೆ ಕಡಲು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಮೊದಲು ಹದಿನೇಳು ಎನ್ನುತ್ತಿದ್ದ, ಈಗ ಅರವತ್ತಾರು ಎನ್ನುವ ರಾಷ್ಟ್ರೀಯ ಹೆದ್ದಾರಿ ಕಡಲಿನ ಪಕ್ಕದಲ್ಲೇ ಓಡುತ್ತದೆ, ಆದರೆ ನಡುವೆ ತೆಂಗಿನ ತೋಟ, ಗಾಳಿಮರದ ಸಾಲು, ಪೇಟೆ, ಗುಡ್ಡ. ಮರವಂತೆ, ಬೈಂದೂರಿನ ಒತ್ತಿನೆಣೆ, ಕಾರವಾರ ಹೀಗೆ ಕೆಲವು ಕಡೆ ಮಾತ್ರ ಸಮುದ್ರ ತಾನಾಗಿ ಎದುರಿಗೆ ಬರುತ್ತದೆ. ಉಳಿದ ಕಡೆ ನಾವೇ ಬಸ್ಸಿಳಿದು ಪಶ್ಚಿಮಕ್ಕೆ ನಡೆಯಬೇಕು. ಇಳಿಯದವರಿಗೂ ಈ ದಾರಿ ತಪ್ಪದೆ ತೋರಿಸುವುದು ಹೊಳೆಗಳನ್ನು. ಕೂಳೂರಿನಲ್ಲಿ ಗುರುಪುರ ನದಿ, ಮುಲ್ಕಿಯಲ್ಲಿ ಶಾಂಭವಿ, ಉದ್ಯಾವರದ ಹೊಳೆ, ಕಲ್ಯಾಣಪುರದ ಸ್ವರ್ಣಾ, ಮಾಬುಕಳದ ಸೀತಾ. ಕುಂದಾಪುರದ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕ ಐದೂ ಕೂಡಿ ಪಂಚಗಂಗಾವಳಿ. ಆಮೇಲೆ ಶರಾವತಿ, ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಬಸ್ಸು ಒಂದು ಸೇತುವೆ ಇಳಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸೇತುವೆ. ಪ್ರತಿ ಸಲವೂ ನಾನು ಎದ್ದು ನಿಂತು ನೋಡುತ್ತೇನೆ. ಅಕ್ಕಪಕ್ಕದವರು ನನ್ನ ಇಳಿಯುವ ಜಾಗ ಬಂತೆಂದು ಕಾಲು ಸರಿಸಿ ದಾರಿ ಬಿಡುತ್ತಾರೆ.

ಮಂಗಳೂರು, ಉಡುಪಿ, ಕುಂದಾಪುರದವರೆಗೆ ಖಾಸಗಿ ಬಸ್ಸುಗಳದೇ ಕಾರುಬಾರು. ಕಂಡಕ್ಟರು ಸೀಟಿ ಊದುತ್ತಾ, ಬಾಗಿಲಲ್ಲಿ ನೇತಾಡುತ್ತಾ "ದುಂಬು, ದುಂಬು" ಎಂದು ನಿಂತವರನ್ನೆಲ್ಲ ಮುಂದಕ್ಕೆ ತಳ್ಳುತ್ತಿರುತ್ತಾರೆ. ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ಸರ್ವಿಸ್ ಬಸ್ಸು ಎಲ್ಲ ಕಡೆ ನಿಲ್ಲುತ್ತದೆ, ಅದೇ ನನ್ನದು. ಭಟ್ಕಳ ದಾಟಿದರೆ ವಾಯವ್ಯ ಸಾರಿಗೆಯ ಕೆಂಪು ಬಸ್ಸು. 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಅದರಲ್ಲಿ ಶೂನ್ಯ ದರದ ಟಿಕೇಟು. ಆಧಾರ್ ಕಾರ್ಡು ತೋರಿಸಿ ಆ ಚೀಟಿಯನ್ನು ಕೈಗೆ ತೆಗೆದುಕೊಳ್ಳುವಾಗ ನನಗೆ ನನ್ನ ಅಮ್ಮನ ನೆನಪಾಗುತ್ತದೆ. ಅವಳು ಸಮುದ್ರ ನೋಡಬೇಕು, ಸಮುದ್ರ ನೋಡಬೇಕು ಎನ್ನುತ್ತಲೇ ಇದ್ದವಳು. ಬಸ್ ಚಾರ್ಜಿಗೆಂದು ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಪ್ರತಿ ವರ್ಷ ನಮ್ಮ ಪುಸ್ತಕಕ್ಕೋ ಫೀಸಿಗೋ ಹೋಗುತ್ತಿತ್ತು. ಈಗ ಆ ಬಸ್ಸುಗಳಲ್ಲಿ ಅಮ್ಮನ ವಯಸ್ಸಿನ ಹೆಂಗಸರು ಮೂರು ನಾಲ್ಕು ಜನ ಕೂಡಿಕೊಂಡು ಗೋಕರ್ಣಕ್ಕೆ, ಇಡಗುಂಜಿಗೆ, ಮುರ್ಡೇಶ್ವರಕ್ಕೆ ಹೊರಟಿರುವುದನ್ನು ನೋಡುತ್ತೇನೆ. ಮೊಣಕಾಲವರೆಗೆ ಸೀರೆ ಎತ್ತಿ ಹಿಡಿದು ಅಲೆಯಲ್ಲಿ ನಿಂತು ನಗುವ ಅವರ ಪಕ್ಕ ನಾನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮಾಬುಕಳ ಸೇತುವೆ ಮೇಲೆ ಒಮ್ಮೆ ನಾನು ಎದ್ದು ನಿಂತದ್ದನ್ನು ಕಂಡು ಪಕ್ಕದ ಸೀಟಿನ ಅಜ್ಜಿ ಸೆರಗು ಹಿಡಿದು ಕೂರಿಸಿದರು. "ಹ್ವಾಯ್, ಕೂಕಣಿ. ಹೊಳಿ ಎಲ್ಲಿಗೂ ಹೋತಿಲ್ಲೆ." ನನ್ನ ಊರು ಕೇಳಿದರು, ಹೇಳಿದೆ. ಆಮೇಲೆ ಅವರೇ ಶುರುಮಾಡಿದರು. "ನಮ್ಮಮ್ಮನ ಮದಿಯೊತ್ತಿಗೆ ಸೇತು ಇತ್ತಿಲ್ಲೆ. ದಿಬ್ಬಣ ಪೂರಾ ದೋಣಿಯಗೆ." ವಾದ್ಯದವರು ಒಂದು ದೋಣಿಯಲ್ಲಿ, ಹೆಣ್ಣಿನ ಕಡೆಯವರು ಇನ್ನೊಂದರಲ್ಲಿ, ತರಕಾರಿ ಬಾಳೆಲೆ ಮತ್ತೊಂದರಲ್ಲಿ. ಆ ಕಾಲದಲ್ಲಿ ಬಸ್ಸು ಹೊಳೆಯ ದಡಕ್ಕೆ ಬಂದು ನಿಲ್ಲುತ್ತಿತ್ತು. ಗಂಟುಮೂಟೆ ಹೊತ್ತು ಇಳಿದು, ದೋಣಿ ದಾಟಿ, ಆಚೆ ದಡದಲ್ಲಿ ಕಾದಿರುವ ಬಸ್ಸು ಹತ್ತಬೇಕು. ಮುಂದಿನ ಹೊಳೆಯಲ್ಲಿ ಮತ್ತೆ ಅದೇ. ಮಳೆಗಾಲದಲ್ಲಿ ನೀರು ಏರಿದರೆ ಇಳಿಯುವವರೆಗೆ ದಡದ ಯಾರದೋ ಜಗಲಿಯಲ್ಲಿ ಮಲಗಬೇಕು. ಹಾಗೆ ಜಗಲಿಯಲ್ಲಿ ಮಲಗಿದವರಿಂದ ಆಮೇಲೆ ಸಂಬಂಧಗಳೂ ಬೆಳೆದವಂತೆ. ಅಜ್ಜಿ ಸಾಲಿಗ್ರಾಮದಲ್ಲಿ ಇಳಿದುಹೋದರು.

ಮುಂದೆ ಸ್ವಲ್ಪದರಲ್ಲೇ ಕೋಟ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು. 'ಮರಳಿ ಮಣ್ಣಿಗೆ' ಕಾದಂಬರಿಯನ್ನು ನಾನು ಮೊದಲು ಓದಿದ್ದು ವೇದಾವತಿಯ ದಂಡೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವಿನ ಮರಳುನೆಲದಲ್ಲಿ ಮೂರು ತಲೆಮಾರಿನ ದುಡಿಮೆ. ನೀರು ಹೆಚ್ಚಾಗಿಯೂ ಜನ ಕಷ್ಟಪಡುತ್ತಾರೆ ಎಂಬುದು ಬರಗಾಲದ ಊರಿನ ಹುಡುಗಿಗೆ ಹೊಸ ವಿಷಯವಾಗಿತ್ತು. ಆ ಪುಸ್ತಕವೇ ನನ್ನನ್ನು ಈ ದಾರಿಗೆ ಹಚ್ಚಿತು ಎಂದರೂ ಸರಿಯೇ.

ಮರವಂತೆಯಲ್ಲಿ ಮಾತ್ರ ಇಳಿಯಲೇಬೇಕು. ಅಲ್ಲಿ ಹೆದ್ದಾರಿಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ. ಕೊಲ್ಲೂರಿನ ಕಾಡಿನಿಂದ ಇಳಿದು ಬಂದ ಹೊಳೆ ಕಡಲಿನ ಕೈಗೆಟಕುವಷ್ಟು ಹತ್ತಿರ ಬರುತ್ತದೆ, ಒಂದು ರಸ್ತೆಯ ಅಗಲದಷ್ಟೇ ಅಂತರ. ಆದರೂ ಸೇರುವುದಿಲ್ಲ. ಅಲ್ಲಿಂದ ತಿರುಗಿ ದಕ್ಷಿಣಕ್ಕೆ ಹರಿದು, ಉಳಿದ ಹೊಳೆಗಳ ಜೊತೆ ಕೂಡಿಕೊಂಡು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಎಡಗಡೆ ಅಲೆಗಳು ಕಡಲ್ಕೊರೆತ ತಡೆಯಲು ಸುರಿದ ಕಲ್ಲುಗಳಿಗೆ ಬಡಿದು ಸದ್ದು ಮಾಡುತ್ತಿದ್ದರೆ, ಬಲಗಡೆ ನೀರಿನ ಮೇಲೆ ತೆಂಗಿನ ನೆರಳು ಅಲುಗದೆ ಬಿದ್ದಿರುತ್ತದೆ. ಕಾರುಗಳು ನಿಲ್ಲುತ್ತವೆ, ಜನ ಇಳಿದು ಕಡಲಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಮುಂದಿನ ಸರ್ವಿಸ್ ಬಸ್ಸು ಬರುವವರೆಗೆ ಅಲ್ಲೇ ಇರುವುದು ನನ್ನಂಥವರ ಭಾಗ್ಯ. ನಾನು ಹೆಚ್ಚು ಹೊತ್ತು ಕೂರುವುದು ಹೊಳೆಯ ಕಡೆಗೆ. ಇಷ್ಟು ಹತ್ತಿರ ಬಂದೂ ತನ್ನದೇ ದಾರಿ ಹಿಡಿದು ಹೋಗುವ ಆ ನೀರನ್ನು ನೋಡಿದಷ್ಟೂ ಸಾಲದು.

"ಒಬ್ರೇಯಾ?" ಈ ದಾರಿಯಲ್ಲಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಲಾಡ್ಜಿನ ಮೇಜಿನ ಹಿಂದೆ ಕೂತವರು ರಿಜಿಸ್ಟರ್ ಮುಚ್ಚಿಕೊಂಡು ಕೇಳಿದರೆ ನಾನು ಹೆಚ್ಚು ಮಾತಾಡುವುದಿಲ್ಲ, ಚೀಲ ಎತ್ತಿಕೊಂಡು ಮುಂದಿನ ಲಾಡ್ಜಿಗೆ ಹೋಗುತ್ತೇನೆ. ಆದರೆ ಬಸ್ಸಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ, ದೇವಸ್ಥಾನದ ಊಟದ ಪಂಕ್ತಿಯಲ್ಲಿ ಹೆಂಗಸರು ಕೇಳಿದರೆ ನನಗೆ ಸಂತೋಷ. ಆ ಪ್ರಶ್ನೆಯ ಹಿಂದೆಯೇ ಒಂದು ಸಹಾಯ ಬರುತ್ತದೆ. ಯಾವ ರೂಮು ಚೆನ್ನಾಗಿದೆ, ಕೊನೇ ಬಸ್ಸು ಎಷ್ಟು ಹೊತ್ತಿಗೆ, ಯಾವ ಕಡೆ ಕಡಲಿಗೆ ಇಳಿಯಬಾರದು ಎಲ್ಲ ಹೇಳುತ್ತಾರೆ. ಉತ್ತರ ಕನ್ನಡಕ್ಕೆ ಕಾಲಿಟ್ಟ ಮೇಲೆ, ನಾನು ಶಾಲೆಯವಳೆಂದು ತಿಳಿದರೆ ಸಾಕು, "ಅಕ್ಕೋರೆ" ಎಂದು ಶುರುವಾಗುತ್ತದೆ. ಹೊನ್ನಾವರದ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನಾನು ಕತ್ತು ಚಾಚಿ ನೋಡುವುದನ್ನು ಗಮನಿಸಿ ತಾನೇ ಎದ್ದು ಎಡಗಡೆ ಕಿಟಕಿ ಬಿಟ್ಟುಕೊಟ್ಟಳು. "ನೀವು ಕೂತ್ಕೊಳ್ಳಿ ಅಕ್ಕೋರೆ, ನಂಗೆ ದಿನಾ ಇದೇ." ಆ ಕಿಟಕಿಯಿಂದ ನಾನು ಶರಾವತಿಯನ್ನು ನೋಡಿದೆ. ನಡುನೀರಿನಲ್ಲಿ ತೆಂಗು ಹೊತ್ತ ಕುರ್ವೆಗಳು. ಕೊಂಕಣ ರೈಲುದಾರಿಯ ಅತಿ ಉದ್ದದ ಸೇತುವೆ ಇದೇ ನದಿಯ ಮೇಲಿನದು, ಎರಡು ಕಿಲೋಮೀಟರಿಗೂ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ನಾಡಿಗೆಲ್ಲ ಕರೆಂಟು ಕೊಟ್ಟು ಬರುವ ನೀರು ಇದು. ನಮ್ಮೂರಿನ ದೀಪಕ್ಕೂ ಅದರ ಪಾಲು ಇದ್ದಿರಬೇಕು.

ಊಟ ತಿಂಡಿಯ ಖರ್ಚೂ ಈ ದಾರಿಯಲ್ಲಿ ಕಡಿಮೆಯೇ. ಉಡುಪಿಯ ಮಠದಲ್ಲೋ ಗೋಕರ್ಣದ ದೇವಸ್ಥಾನದಲ್ಲೋ ಮಧ್ಯಾಹ್ನದ ಪ್ರಸಾದ, ಉಳಿದ ದಿನ ಕುಚ್ಚಲಕ್ಕಿ ಅನ್ನದ ಜೊತೆ ಬಂಗುಡೆ ಸಾರು. ಬೆಳಗಿನ ಬನ್ಸ್ ಮಂಗಳೂರಿನಿಂದ ಕಾರವಾರದವರೆಗೂ ಜೊತೆ ಬಿಡುವುದಿಲ್ಲ. ದಕ್ಷಿಣದಲ್ಲಿ ಅದಕ್ಕೆ ಚಟ್ನಿ ಸಾಂಬಾರು, ಕುಮಟಾ ದಾಟಿದ ಮೇಲೆ ಭಾಜಿ.

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿಯಲ್ಲಿ ಹೋಗುವ ಬಸ್ಸುಗಳಿವೆ. ನಾನು ಅಘನಾಶಿನಿ ಎಂಬ ಊರಿಗೆ ಹೋಗುವ ಬಸ್ಸು ಹತ್ತುತ್ತೇನೆ. ನದಿಯ ಹೆಸರೇ ಊರಿಗೂ. ಅಲ್ಲಿ ದಾರಿ ಮುಗಿದು ನೀರು ಶುರುವಾಗುತ್ತದೆ. ಆಚೆ ದಡದಲ್ಲಿ ತದಡಿ ಬಂದರಿನ ದೋಣಿಗಳ ಬಾವುಟಗಳು ಕಾಣುತ್ತವೆ. ನಡುವೆ ತಾರಿ ದೋಣಿ. ಹಲಗೆ ದಾಟಿ ಹತ್ತಬೇಕು. ಬೈಕಿದ್ದವರು ಬೈಕನ್ನೂ ಏರಿಸುತ್ತಾರೆ. ಶಾಲೆಯ ಮಕ್ಕಳು ಅಂಚಿನಲ್ಲಿ ಸಾಲಾಗಿ ಕೂರುತ್ತಾರೆ. ನನ್ನ ಎದುರಿಗೆ ಕೂತ ಹೆಂಗಸಿನ ಕಾಲ ಬಳಿ ಬುಟ್ಟಿ ತುಂಬ ಬಳಚು. ಬೂದು, ಕಂದು ಪಟ್ಟೆಗಳ ಚಿಪ್ಪುಗಳು ದೋಣಿ ಅಲುಗಿದಂತೆಲ್ಲ ಒಂದಕ್ಕೊಂದು ತಾಗಿ ಸಣ್ಣ ಸದ್ದು ಮಾಡುತ್ತಿದ್ದವು. ಒಂದು ಚಿಪ್ಪು ಕೂದಲೆಳೆಯಷ್ಟು ಬಾಯಿ ತೆರೆದು ಫಕ್ಕನೆ ನೀರು ಚಿಮ್ಮಿಸಿ ಮುಚ್ಚಿಕೊಂಡಿತು. ನಾನು ಬೆಚ್ಚಿದ್ದು ಕಂಡು ಆಕೆ ಒಂದನ್ನೆತ್ತಿ ನನ್ನ ಅಂಗೈಗೆ ಹಾಕಿದರು. ತಣ್ಣಗಿತ್ತು, ಗಾತ್ರಕ್ಕೆ ಮೀರಿದ ಭಾರ. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಕಾಲಿನಿಂದಲೇ ಹುಡುಕಿ ತೆಗೆಯುವುದಂತೆ. "ಇದ್ಕೆ ಉಪ್ಪು ನೀರೂ ಬೇಕು, ಸೀ ನೀರೂ ಬೇಕು ಅಕ್ಕೋರೆ. ಒಂದೇ ಆದ್ರೆ ಸತ್ತೇ ಹೋಗ್ತದೆ."

ಆ ಮಾತು ಇಡೀ ಅಳಿವೆಗೆ ಸಲ್ಲುತ್ತದೆ. ಶಿರಸಿ ಕಡೆಯಿಂದ ಬರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಬೆಟ್ಟದ ಸಿಹಿನೀರು ತನ್ನ ಹೊತ್ತಿಗೆ ತಾನು ಬಂದು ಕಡಲ ಉಪ್ಪಿನೊಡನೆ ಬೆರೆಯುತ್ತದೆ. ಅದನ್ನು ನಂಬಿಯೇ ಬಳಚು, ಸಿಗಡಿ, ಏಡಿ, ಕಾಂಡ್ಲಾ ಗಿಡಗಳು ಬದುಕಿವೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ತೆನೆಯಷ್ಟನ್ನೇ ಕೊಯ್ದು ಹುಲ್ಲನ್ನು ನೀರಿಗೇ ಬಿಡುತ್ತಾರೆ, ಅದು ಆಮೇಲೆ ಬರುವ ಮೀನು ಸಿಗಡಿಗಳ ಪಾಲು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಅಂದರೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನಮ್ಮ ಕಡೆ "ಹೊಳೆ ನೀರು ಸಮುದ್ರಕ್ಕೆ ಹೋಗಿ ದಂಡವಾಗುತ್ತದೆ" ಎನ್ನುವ ಮಾತನ್ನು ಸಭೆಗಳಲ್ಲಿ, ಸ್ಟಾಫ್ ರೂಮಿನಲ್ಲಿ ಕೇಳುತ್ತಲೇ ಇರುತ್ತೇನೆ. ನೀರಿಲ್ಲದೆ ಬಳಲಿದವರ ಮಾತು ಅದು, ಆ ಸಂಕಟ ನನಗೂ ಗೊತ್ತು. ಆದರೂ ಆ ಮಾತು ಕೇಳಿದಾಗಲೆಲ್ಲ ಅಂಗೈ ಮೇಲಿನ ಆ ತಣ್ಣನೆಯ ಭಾರ ನೆನಪಾಗುತ್ತದೆ. ಕಡಲು ಮುಟ್ಟಿದ ನೀರನ್ನು ನಂಬಿ ಒಂದು ದಂಡೆಯ ಜನ ಒಲೆ ಹಚ್ಚುತ್ತಿದ್ದಾರೆ.

ತದಡಿಯಿಂದ ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟಾ. ಚೌಕ ಚೌಕವಾಗಿ ಕಟ್ಟಿದ ಆಗರಗಳಲ್ಲಿ ನೀರು ಬಿಸಿಲಿಗೆ ಉಪ್ಪಾಗುತ್ತದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಜನ ಉಪ್ಪಿನ ಕಾಯ್ದೆ ಮುರಿದದ್ದನ್ನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಲ್ಲಿಯ ಹರಳುಪ್ಪು ಒಂದಿಷ್ಟು ಕಟ್ಟಿಸಿಕೊಂಡು ಹೋಗಿ ತರಗತಿಯಲ್ಲಿ ಎಲ್ಲರ ಕೈಗೂ ಎರಡೆರಡು ಹರಳು ಕೊಡುತ್ತೇನೆ. ನೆಕ್ಕಿ ನೋಡಿದ ಮೇಲೆ ಆ ಪಾಠವನ್ನು ಅವರು ಮರೆಯುವುದಿಲ್ಲ.

ಗಂಗಾವಳಿಯ ಹತ್ತಿರ ಬಂದಾಗ ನನಗೆ ನಮ್ಮ ನೆಂಟರೊಬ್ಬರು ಸಿಕ್ಕಂತಾಗುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಘಟ್ಟ ಇಳಿದು, ಗಂಗಾವಳಿಯಾಗಿ ಇಲ್ಲಿ ಸಮುದ್ರ ಸೇರುತ್ತದೆ. ನನ್ನ ವೇದಾವತಿ ಮೂಡಣಕ್ಕೆ ಹೋಗಿ ತುಂಗಭದ್ರೆಗೆ ಬೀಳುವಂಥದ್ದು, ಅದಕ್ಕೆ ಈ ಕಡಲು ಕಾಣುವ ಯೋಗವಿಲ್ಲ. ಆದರೆ ಬಯಲುಸೀಮೆಯ ಅಂಚಿನ ಮಳೆನೀರೂ ಪಡುವಣ ಕಡಲಿಗೆ ಬಂದು ಮುಟ್ಟುತ್ತದಲ್ಲ ಎಂದು ಸಮಾಧಾನ.

ಅದೇ ಗಂಗಾವಳಿಯ ದಂಡೆಯಲ್ಲಿ ಅಂಕೋಲಾ ತಾಲೂಕಿನ ಶಿರೂರು. 2024ರ ಜುಲೈ 16ರ ಬೆಳಿಗ್ಗೆ ಅಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾ ಹೋಟೆಲು, ಅದನ್ನು ನಡೆಸುತ್ತಿದ್ದ ಸಂಸಾರ, ಲಾರಿ ನಿಲ್ಲಿಸಿ ಚಹಾ ಕುಡಿಯಲು ಇಳಿದವರು ಮಣ್ಣಿನೊಡನೆ ನದಿಗೆ ಹೋದರು. ನದಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಆ ಜಾಗದಲ್ಲಿ ಈಗ ಬಸ್ಸಿನೊಳಗೆ ಮಾತು ಕಡಿಮೆಯಾಗುತ್ತದೆ. ಹೆದ್ದಾರಿಗಾಗಿ ಕಡಿದ ಗುಡ್ಡದ ಕೆಂಪು ಗೋಡೆಗಳು ಈ ದಾರಿಯಲ್ಲಿ ಇನ್ನೂ ಎಷ್ಟೋ ಇವೆ. ರಸ್ತೆ ಅಗಲವಾದಷ್ಟೂ ಒಳ್ಳೆಯದು ಎನ್ನುವವರು ಮಳೆಗಾಲದಲ್ಲಿ ಒಮ್ಮೆ ಈ ಗೋಡೆಗಳ ಕೆಳಗೆ ಕೆಂಪು ಬಸ್ಸಿನಲ್ಲಿ ಹೋಗಬೇಕು. ನಾಲ್ಕು ಪಥ ಬೇಕು ಎನ್ನುವುದಾದರೆ ಗುಡ್ಡವನ್ನು ನಿಲ್ಲಿಸುವ ಕೆಲಸವೂ ಅಷ್ಟೇ ಶ್ರದ್ಧೆಯಿಂದ ಆಗಬೇಕು.

ಕೊನೆಗೆ ಕಾರವಾರ. 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು, 'ಪ್ರಕೃತಿರ ಪ್ರತಿಶೋಧ' ನಾಟಕವನ್ನು ಇಲ್ಲೇ ಬರೆದರು. ತಮ್ಮ ನೆನಪುಗಳಲ್ಲಿ ಅವರು ಕಡಲತೀರದಷ್ಟೇ ಅಕ್ಕರೆಯಿಂದ ಹೇಳುವುದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಏರಿ ಹೋದ ಸಂಗತಿಯನ್ನು. ಗಂಗಾನದಿಯ ನಾಡಿನಿಂದ ಬಂದವರಿಗೂ ಇಲ್ಲಿಯ ಹೊಳೆ ಮನಸ್ಸಿಗೆ ನಾಟಿತು. ಆ ಕಾಳಿಯ ಮೇಲಿನ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಮಧ್ಯರಾತ್ರಿ ಕುಸಿದುಬಿತ್ತು. ಒಂದು ಲಾರಿ ನೀರಿಗೆ ಬಿದ್ದಿತು, ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಪಕ್ಕದ ಹೊಸ ಸೇತುವೆಯ ಮೇಲೆ ಸದಾಶಿವಗಡದ ಕಡೆಗೆ ನಡೆದುಹೋಗುತ್ತಾ ನಾನು ಯೋಚಿಸುತ್ತಿದ್ದೆ: ದೋಣಿ ಹೋಗಿ ಸೇತುವೆ ಬಂದ ಮೇಲೆ ಹೊಳೆ ನಮಗೆ ಕೆಲವು ಸೆಕೆಂಡುಗಳ ನೋಟವಾಯಿತು. 270 ಕಿಲೋಮೀಟರಿನಲ್ಲಿ ನಮ್ಮನ್ನು ನಿಲ್ಲಿಸಿ, ಕಾಯಿಸಿ, ಪರಿಚಯವಿಲ್ಲದವರ ಪಕ್ಕ ಕೂರಿಸಿ ಮಾತಾಡಿಸುತ್ತಿದ್ದ ಹೊಳೆಗಳೇ ಈ ಕರಾವಳಿಯನ್ನು ಹೆಣೆದದ್ದು. ಕಡಿಮೆ ದುಡ್ಡಿನಲ್ಲಿ ಹೊರಟವರಿಗೆ ಅವು ಇವತ್ತಿಗೂ ಅಷ್ಟಿಷ್ಟು ದಕ್ಕುತ್ತವೆ, ಏಕೆಂದರೆ ಅವರು ನಿಲ್ಲಬೇಕಾಗುತ್ತದೆ.

ಓದುವವರಲ್ಲಿ ನನ್ನದೊಂದು ಕೋರಿಕೆ. ಕುಮಟಾದಿಂದ ಗೋಕರ್ಣಕ್ಕೆ ಹೋಗುವುದಿದ್ದರೆ ಒಮ್ಮೆಯಾದರೂ ಹೆದ್ದಾರಿ ಬಿಟ್ಟು ಅಘನಾಶಿನಿಯ ತಾರಿ ದಾಟಿ ಹೋಗಿ. ಮಳೆಗಾಲ ಕಳೆದ ಮೇಲೆ, ಬೆಳಗಿನ ಹೊತ್ತು ಒಳ್ಳೆಯದು. ಚಿಲ್ಲರೆ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹತ್ತುವವರು ಇದ್ದರೆ ಮಾತ್ರ ದೋಣಿ ನಡೆಯುತ್ತದೆ.